ನಲವತ್ಮೂರನೆಯ ಚುಕ್ಕೆ

ಎರೆಜೆಪ್‌ನ ಅಂಗಡಿಯಲ್ಲಿ ಈಗ ಫೋಟೋ ತೆಗೆಸಿಕೊಂಡರೆ ಮುಖದ ಮೇಲೆ ಹತ್ತಿಪ್ಪತ್ತು ಚುಕ್ಕೆ ಬಿಟ್ಟಿಯಾಗಿ ಬರುತ್ತವೆ. ಅಂಥ ಫೋಟೋ ಒಯ್ದು ಪಾಸ್‌ಪೋರ್ಟಿಗೆ ಕೊಟ್ಟರೆ ಕಚೇರಿಯವರು "ನಿಮ್ಮೂರಲ್ಲಿ ಸಿಡುಬು ಇನ್ನೂ ಇದೆಯಾ?" ಎಂದು ಕೇಳುತ್ತಾರೆ. ಒರೆಸಿ ಕೊಡು ಅಂದರೆ ಎರೆಜೆಪ್ ತಲೆಯೆತ್ತದೆ, "ಒರೆಸಲ್ಲ. ಬೇಕಾದ್ರೆ ತಗೊಳ್ಳಿ, ಬೇಡಾದ್ರೆ ಬಿಡಿ" ಅನ್ನುತ್ತಾನೆ. ಜನ ಬಿಟ್ಟು ಹೋಗುತ್ತಾರೆ. ಮಧ್ಯಾಹ್ನಕ್ಕೆ ಒಣ ರೊಟ್ಟಿಯನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಾನೆ. ಐವತ್ತನಾಲ್ಕು ವಯಸ್ಸು, ನೋಡಿದರೆ ನನಗಿಂತ ಮುದುಕ. ನನಗೆ ಎಪ್ಪತ್ತಾರು.

ಹಿಂದೆ ಹೀಗಿರಲಿಲ್ಲ. ನಮ್ಮೂರು ಮೊಯ್ನಾಕ್‌ನಿಂದ ನುಕುಸ್ ಪಟ್ಟಣದವರೆಗೆ ಅವನಷ್ಟು ಹದವಾಗಿ ಚಿತ್ರ ತಿದ್ದುವವನು ಇನ್ನೊಬ್ಬನಿರಲಿಲ್ಲ. ಗೋರಿಕಲ್ಲಿನ ಮೇಲೆ ಕೆತ್ತಿಸಲು ನನ್ನ ಹೆಂಡತಿಯ ಹಳೆಯ ಫೋಟೋ ಒಂದನ್ನು ಕೊಟ್ಟಿದ್ದೆ. ನಲವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ನೋಡಿ ಒಮ್ಮೆಯೂ ನಗದಿದ್ದವಳ ತುಟಿಗೆ ಅವನು ಎಂಥ ನಗು ತಂದಿದ್ದನೆಂದರೆ, ಯಾರನ್ನು ನೋಡಿ ನಕ್ಕಳಪ್ಪಾ ಇವಳು ಎಂದು ನನಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಮುಚ್ಚಿದ ಕಣ್ಣು ತೆರೆಸುವುದು, ಬೋಳುತಲೆಗೆ ಕೂದಲು ಬೆಳೆಸುವುದು, ಮದುವೆಯ ಗುಂಪಿನಿಂದ ಜಗಳವಾಡಿದ ನೆಂಟನನ್ನು ಮಾಯ ಮಾಡುವುದು, ಎಲ್ಲವೂ ಅವನಿಗೆ ನೀರು ಕುಡಿದಷ್ಟು ಸಲೀಸು. ನಮ್ಮೂರ ಮಟ್ಟಿಗೆ ಈ ಗಾದೆ ಸುಳ್ಳು. ನಮ್ಮಲ್ಲಿ ನೀರು ಕುಡಿಯುವುದು ಸಲೀಸಲ್ಲ.

ನಮ್ಮೂರ ದಡದಲ್ಲಿದ್ದ ಸಮುದ್ರ ಬತ್ತಿ ಎದ್ದು ಹೋಯಿತು, ಉಪ್ಪನ್ನು ನಮಗೆ ಬಿಟ್ಟು ಹೋಯಿತು. ಒಣಹಾಕಿದ ಅಂಗಿ ಸಂಜೆಯ ಹೊತ್ತಿಗೆ ಉಪ್ಪಿನಿಂದ ಎಷ್ಟು ಬಿರುಸಾಗುತ್ತದೆ ಎಂದರೆ ಹಗ್ಗದಿಂದ ಇಳಿದು ತಾನೇ ನಡೆದುಕೊಂಡು ಮನೆಯೊಳಗೆ ಬರುತ್ತದೆ. ಈ ಊರಲ್ಲಿ ಸಪ್ಪೆಯಾಗಿ ಉಳಿದಿರುವುದು ಕಣ್ಣೀರೊಂದೇ. ಆ ಉಪ್ಪಿನ ಧೂಳು ಎರೆಜೆಪ್‌ನ ಕ್ಯಾಮೆರಾದೊಳಕ್ಕೂ ನುಗ್ಗಿ ಒಳಗಿನ ಗಾಜಿನ ಮೇಲೆ ಕೂತುಬಿಡುತ್ತಿತ್ತು. ಎಷ್ಟು ಊದಿದರೂ, ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಹಾಗಾಗಿ ಅವನು ತೆಗೆದ ಯಾವ ಚಿತ್ರದಲ್ಲೇ ಆಗಲಿ ಮೂವತ್ತು ನಲವತ್ತು ಚುಕ್ಕೆ ಇದ್ದೇ ಇರುತ್ತಿದ್ದವು. ಬೇರೆ ಊರಿನ ಫೋಟೋದವರು ಮೊದಲು ಬಣ್ಣ ನೋಡುತ್ತಾರಂತೆ, ಬೆಳಕು ನೋಡುತ್ತಾರಂತೆ. ನಮ್ಮವನು ಮೊದಲು ಚುಕ್ಕೆ ಒರೆಸುತ್ತಿದ್ದ. ಎಡಗೈಯಲ್ಲಿ ಚಹಾದ ಬಟ್ಟಲು, ಬಲಗೈಯಲ್ಲಿ ಮೌಸು. ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸರಂತೆ, ನೋಡಿಯೂ ನೋಡದೆ, ಟಕ್ ಟಕ್ ಎಂದು ಒರೆಸಿ ಎಸೆಯುತ್ತಿದ್ದ. ಇಪ್ಪತ್ತು ವರ್ಷದ ಅಭ್ಯಾಸ. ಕೈಗೆ ಗೊತ್ತಿತ್ತು, ಕಣ್ಣಿಗೆ ಕೆಲಸವಿರಲಿಲ್ಲ.

ಅವನಿಗೆ ಹೆಂಡತಿ ಇಲ್ಲ. ಇದ್ದವನು ತಮ್ಮ ಯೆಸ್ಬೊಲ್, ಹದಿನಾರು ವರ್ಷ ಚಿಕ್ಕವನು. ಅಪ್ಪ ಸತ್ತಾಗ ಯೆಸ್ಬೊಲ್‌ಗೆ ಎರಡು ವರ್ಷ. ಎರೆಜೆಪ್ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕೆಲಸ ಕಲಿತ, ಕೂರಿಸಿಕೊಂಡೇ ಮದುವೆಗಳ ಫೋಟೋ ತೆಗೆದ. ತಮ್ಮ ಬೆಳೆದು, ಸಮುದ್ರವಿದ್ದ ತಳದಲ್ಲಿ ಗ್ಯಾಸ್‌ಗಾಗಿ ಬಾವಿ ಕೊರೆಯುತ್ತಾರಲ್ಲ, ಅಲ್ಲಿನ ಒಂದು ಶಿಬಿರದಲ್ಲಿ ಕಾವಲುಗಾರನಾದ. ಹದಿನೈದು ದಿನ ಅಲ್ಲಿ, ಹದಿನೈದು ದಿನ ಮನೆಯಲ್ಲಿ. ಹೋಗಿ ಬರುವುದು ಮೋಟಾರ್ ಸೈಕಲ್ಲಿನಲ್ಲಿ, ಲಾರಿಗಳು ಓಡಾಡುವ ಮಣ್ಣಿನ ದಾರಿ ಹಿಡಿದು. ಅವನ ಹೆಂಡತಿ ಉಲ್ಮೆಕೆನ್ ದಿನಾ ಮಧ್ಯಾಹ್ನ ಭಾವನ ಅಂಗಡಿಗೆ ಊಟ ತರುತ್ತಿದ್ದಳು. ಪಕ್ಕದ ಮನೆಯ ಮುದುಕನಾದ ನನಗೂ ಅದರಲ್ಲಿ ಪಾಲಿತ್ತು. ಪಾಲಿಗಿಂತ ಸ್ವಲ್ಪ ಜಾಸ್ತಿಯೇ ತಿನ್ನುತ್ತಿದ್ದೆ.

ಹೋದ ಆಗಸ್ಟಿನಲ್ಲಿ ನುಕುಸ್‌ನ ಒಂದು ಹೊಸ ಹೋಟೆಲಿನವನು ಎರೆಜೆಪ್‌ಗೆ ಫೋನ್ ಮಾಡಿದ. ಒಳಗೆ ಕಾಲಿಡುತ್ತಲೇ ಎದುರಾಗುವ ಗೋಡೆಯ ತುಂಬ ಮರುಭೂಮಿಯ ಸೂರ್ಯಾಸ್ತ ಬೇಕು, ಆದರೆ ಉಪ್ಪಿನ ಬಯಲು ಸಮುದ್ರದ ಹಾಗೆ ಹೊಳೆಯಬೇಕು ಎಂದ. ಸಮುದ್ರ ಇದ್ದಾಗ ಯಾರಿಗೂ ಬೇಡವಾಗಿತ್ತು, ಈಗ ಗೋಡೆಗೆ ಬೇಕಂತೆ.

ಬುಧವಾರ ಇಡೀ ರಾತ್ರಿ ಧೂಳುಗಾಳಿ ಬೀಸಿ ಗುರುವಾರ ಬೆಳಗ್ಗೆ ನಿಂತಿತು. ಗಾಳಿ ನಿಂತ ದಿನದ ಸಂಜೆ ಆಕಾಶ ಹಣ್ಣಾಗುತ್ತದೆ. ಎರೆಜೆಪ್ ಬೆಳಗ್ಗೆಯೇ ನನ್ನ ಬಾಗಿಲಿಗೆ ಬಂದ.

"ಒರಿನ್ಬಾಯ್ ಅಗಾ, ಗಾಡಿ ತೆಗೀರಿ. ಬಲೆ ದಿಬ್ಬಕ್ಕೆ ಹೋಗೋಣ."

"ಅರವತ್ತು ಕಿಲೋಮೀಟರ್ ಕಣೋ! ನನ್ನ ಗಾಡಿಗೆ ಬ್ರೇಕಿಲ್ಲ ಅಂತ ಗೊತ್ತಲ್ಲ?"

"ಹೋಗ್ಬೇಕಾದ್ರೆ ಬ್ರೇಕ್ ಯಾಕೆ?"

"ನಿಲ್ಲೋಕೆ."

"ಅದು ತನಗೆ ಸಾಕಾದಾಗ ನಿಲ್ಲುತ್ತಲ್ಲ ಬಿಡಿ."

ಬಲೆ ದಿಬ್ಬ ಮೊದಲು ನಡುಗಡ್ಡೆಯಾಗಿತ್ತು. ನನ್ನಪ್ಪ ಅಲ್ಲಿ ಬಲೆ ಒಣಗಿಸುತ್ತಿದ್ದ. ಈಗ ಅದು ಉಪ್ಪಿನ ಬಯಲಿನ ನಡುವೆ ಎದ್ದ ಒಂದು ಮಣ್ಣುಗುಡ್ಡೆ, ಅಷ್ಟೆ. ಮಧ್ಯಾಹ್ನ ಕಳೆದ ಮೇಲೆ ಹೊರಟ ನಾವು ಸೇರುವಷ್ಟರಲ್ಲಿ ಹೊತ್ತು ವಾಲಿತ್ತು. ನಾನು ಗಾಡಿಯನ್ನು ನೆತ್ತಿಯ ಮೇಲೆ ನಿಲ್ಲಿಸಿ ಅದರ ನೆರಳಲ್ಲಿ ಕೂತು ಕಲ್ಲಂಗಡಿ ಹೋಳು ಮಾಡಿದೆ. ಎರೆಜೆಪ್ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಪಡುವಣಕ್ಕೆ ತಿರುಗಿಸಿದ. ಸೂರ್ಯ ನೇರ ಕಣ್ಣಿಗೆ ಚುಚ್ಚುತ್ತಿದ್ದ. ಎದುರಿಗೆ ಒಂಟೆಯ ಹಿಂಡು ಕುಣಿದರೂ ಕಾಣುತ್ತಿರಲಿಲ್ಲ. ಕಾಲು ಗಂಟೆಯಲ್ಲಿ ಆರು ಚಿತ್ರ ತೆಗೆದ. ಸೂರ್ಯ ಮುಳುಗಿದ ಮೇಲೆ ನಾವು ದಿಬ್ಬದ ಮೂಡಣ ಮಗ್ಗುಲಿಂದ ಇಳಿದು ಮನೆಗೆ ಬಂದೆವು. ದಾರಿಯುದ್ದಕ್ಕೂ ಹಾಡುತ್ತಿದ್ದೆ. ನಾನು ಹಾಡಿದರೆ ಗಾಡಿ ಬೇಗ ಓಡುತ್ತದೆ, ತಪ್ಪಿಸಿಕೊಳ್ಳಲು.

ಆ ದಿನ ಯೆಸ್ಬೊಲ್ ಮನೆಗೆ ಬರಬೇಕಿತ್ತು. ಬಂದಿರಲಿಲ್ಲ. ಬದಲಿಯವನು ತಡವಾದರೆ ಒಂದೆರಡು ದಿನ ಉಳಿಯುವುದು ಇದ್ದದ್ದೇ. ಯಾರೂ ಗಾಬರಿಯಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಚಹಾಕ್ಕೆಂದು ಅಂಗಡಿಗೆ ಹೋದಾಗ ಎರೆಜೆಪ್ ಆರರಲ್ಲಿ ಒಂದನ್ನು ಆರಿಸಿ ಕಂಪ್ಯೂಟರಿನಲ್ಲಿ ತೆರೆದಿದ್ದ. ಕ್ಯಾಮೆರಾ ಕೊಟ್ಟದ್ದನ್ನು ಕೊಟ್ಟಂತೆ ಇಟ್ಟ ಚಿತ್ರಕ್ಕೆ ಅವನು 'ಹಸಿ' ಎನ್ನುತ್ತಿದ್ದ. ಹಸಿ ಚಿತ್ರ ನೋಡಲು ಪಾತ್ರೆ ಒರೆಸಿದ ಬಟ್ಟೆಯ ಹಾಗಿರುತ್ತದೆ: ಬೂದು, ಮಂಕು, ಜೀವವಿಲ್ಲ.

"ಇದಾ ನೀನು ನನ್ನ ಪೆಟ್ರೋಲ್ ಸುಟ್ಟು ತೆಗೆದ ಚಿತ್ರ?" ಅಂದೆ. "ಇದಕ್ಕಿಂತ ನನ್ನ ಕಾಲುಚೀಲ ಬಣ್ಣವಾಗಿದೆ."

"ಹಸಿ ಮೀನು ನೋಡಿ ಊಟ ಹೇಗಿತ್ತು ಅಂತ ಹೇಳ್ತೀರಾ? ಕೂತ್ಕೊಳ್ಳಿ. ಎಲ್ಲ ಒಳಗೇ ಇದೆ, ಹೊರಗೆ ಕರೀಬೇಕು ಅಷ್ಟೆ."

ನಾನು ಮೂವತ್ತು ವರ್ಷ ಮೀನಿನ ಡಬ್ಬಿ ಕಾರ್ಖಾನೆಯಲ್ಲಿದ್ದವನು. ನನ್ನ ಭಾಷೆಯಲ್ಲೇ ಹೇಳಿದ್ದ. ಟಕ್ ಟಕ್ ಎಂದು ಚುಕ್ಕೆ ಒರೆಸತೊಡಗಿದ. ಆಕಾಶದಲ್ಲಿ ಮೂವತ್ತು ಒರೆಸಿದ, ಬಯಲಿನಲ್ಲಿ ಹನ್ನೆರಡು. ಬಲಗಡೆ, ಬಿಳಿ ಉಪ್ಪಿನ ಪಟ್ಟಿಯ ಮೇಲೆ ಒಂದು ಉಳಿದಿತ್ತು. ಅಲ್ಲಿಗೆ ಬಂದಾಗ ಅವನ ಕೈ ನಿಂತಿತು. ಅದೊಂದೇ ಸಲ ನಿಂತಿತು.

"ಇದು ದೋಣಿ ಹಾಗಿದೆ ಅಲ್ವಾ ಅಗಾ? ಉಪ್ಪನ್ನ ನೀರು ಮಾಡಿದ್ರೆ ಇದು ದೋಣಿ ಆಗುತ್ತೆ. ಇರ್ಲಾ?"

ನಾನು ಕನ್ನಡಕ ಏರಿಸಿ ನೋಡಿದೆ.

"ದೋಣಿಯಂತೆ! ನೊಣ ಕಣೋ ಅದು. ದುಡ್ಡು ಕೊಟ್ಟು ಹೋಟೆಲಿಗೆ ಬಂದೋನು ಗೋಡೆ ಮೇಲೆ ನೊಣ ನೋಡ್ಬೇಕಾ? ಒರೆಸು."

ಟಕ್. ಹೋಯಿತು.

ಆಮೇಲೆ ಅವನು ಅಡುಗೆಗೆ ಇಳಿದ. ವಾಲಿದ ದಿಗಂತವನ್ನು ನೆಟ್ಟಗೆ ಮಾಡಿದ. ಸೂರ್ಯನ ಸುತ್ತ ಉಕ್ಕುತ್ತಿದ್ದ ಬಿಳಿಯನ್ನು ಇಳಿಸಿದ. ಅದರಡಿಯಲ್ಲಿ ಕುಂಬಳದ ತಿರುಳಿನ ಬಣ್ಣ ಅಡಗಿತ್ತು, ಎದ್ದು ಬಂತು. ಆಕಾಶದ ನೆತ್ತಿಯ ಬೂದು ಬಣ್ಣಕ್ಕೆ ಊದಾ ಕಲಸಿದ. ಮುಂದಿನ ಮಣ್ಣನ್ನು ಕಪ್ಪಾಗಿಸಿ, ಉಪ್ಪಿನ ಪಟ್ಟಿಗೆ ತಣ್ಣನೆಯ ನೀಲಿಯನ್ನೂ ಅದರ ಮೇಲೊಂದು ಎಳೆ ಕೆಂಪನ್ನೂ ಹರಿಸಿದ. ಊದಾ ಹೆಚ್ಚಾಯಿತು ಎಂದು ನಾನು, ಕಡಿಮೆ ಎಂದು ಅವನು. ಒಂದು ಗಂಟೆ ಜಗಳವಾಡಿದೆವು. ಕೊನೆಗೆ ಎಂಥ ಸಮುದ್ರ ಬಂದಿತ್ತೆಂದರೆ, ನನ್ನ ಮೂಗಿಗೆ ಮೀನಿನ ವಾಸನೆ ಹೊಡೆಯಿತು.

ವಾಸನೆ ನಿಜವಾಗಿಯೂ ಇತ್ತು. ಉಲ್ಮೆಕೆನ್ ಜೋಳದ ಕಡುಬು, ಮೀನಿನ ಸಾರು ತಂದು ಬಾಗಿಲಲ್ಲಿ ನಿಂತಿದ್ದಳು.

"ಭಾವ, ಇವ್ರ ಫೋನಿಗೆ ನಿನ್ನೆಯಿಂದ ಕಾಲ್ ಹೋಗ್ತಿಲ್ಲ."

"ಬರ್ತಾನೆ ಬಿಡಮ್ಮ," ಅಂದೆ ನಾನು. "ಗ್ಯಾಸ್ ಬಾವಿ ಕಾಯೋನು, ಗ್ಯಾಸ್ ಕುಡಿದು ಉಬ್ಬಿ ತೇಲಿಕೊಂಡು ಹೋಗಿರ್ಬೇಕು. ಗಾಳಿ ಈ ಕಡೆ ಬೀಸಿದ್ರೆ ಇಳೀತಾನೆ."

ಅವಳು ನಗಲಿಲ್ಲ. ಎರೆಜೆಪ್ ಅವಳ ಗಮನ ಬೇರೆ ಕಡೆ ಹೋಗಲೆಂದು ಕಂಪ್ಯೂಟರನ್ನು ತಿರುಗಿಸಿ ಚಿತ್ರ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ ಭಾವ. ಆದ್ರೆ ಒಂದು ನರಪಿಳ್ಳೆಯೂ ಇಲ್ಲ. ನೋಡಿದ್ರೆ ಭಯ ಆಗುತ್ತೆ."

"ಎರಡು ಒಂಟೆ ಹಾಕ್ಲಾ?" ಎಂದ ಎರೆಜೆಪ್, ನಗುತ್ತಾ.

ಸಂಜೆ ಶಿಬಿರದ ಫೋನು ಸಿಕ್ಕಿತು. ಅತ್ತ ಕಡೆಯವನು ಹೇಳಿದ: ಯೆಸ್ಬೊಲ್ ಗುರುವಾರ ಮಧ್ಯಾಹ್ನ ಊಟ ಮಾಡಿ ಹೊರಟಿದ್ದಾನೆ.

ಶನಿವಾರ ಬೆಳಕು ಹರಿಯುವ ಮೊದಲೇ ಊರಲ್ಲಿದ್ದ ಗಾಡಿಗಳೆಲ್ಲ ಹೊರಟವು. ಲಾರಿ ದಾರಿಯನ್ನು ಅಂಗುಲ ಬಿಡದೆ ಹುಡುಕಿದೆವು. ನಡುವೆ ಒಂದು ಕಡೆ ಗಾಳಿ ಆಳೆತ್ತರದ ಮರಳು ತಂದು ಸುರಿದಿತ್ತು. ಅದನ್ನೂ ಸಲಿಕೆಯಿಂದ ಅಗೆದೆವು. ಯೆಸ್ಬೊಲ್ ಇರಲಿಲ್ಲ. ಬಿಸಿಲು ಎಷ್ಟಿತ್ತೆಂದು ನಾನು ಹೇಳುವುದಿಲ್ಲ. ನಾನು ಹೇಳಿದರೆ ನೀವು ಅರ್ಧ ಕಳೆದು ಕೇಳುತ್ತೀರಿ, ಆ ಬಿಸಿಲಲ್ಲಿ ಕಳೆಯುವಂಥದ್ದೇನೂ ಇರಲಿಲ್ಲ.

ಮಧ್ಯಾಹ್ನ ಪೆಟ್ರೋಲ್ ತುಂಬಿಸಲು ಊರಿಗೆ ಬಂದಾಗ ಎರೆಜೆಪ್ ಅಂದ:

"ಮರಳು ಕಂಡು ದಾರಿ ಬಿಟ್ಟಿದ್ರೆ ಬಲೆ ದಿಬ್ಬದ ಕಡೆ ಸುತ್ತಿ ಬಂದಿರ್ತಾನೆ. ಚಿತ್ರದಲ್ಲಿ ಚಕ್ರದ ಗುರುತೇನಾದ್ರೂ ಬಿದ್ದಿದ್ಯಾ ನೋಡ್ತೀನಿ."

ನಾನೂ ಹಿಂದೆ ಹೋದೆ. ಅವನು ಚಿತ್ರ ತೆರೆದ. ಊದಾ ಆಕಾಶ, ತಣ್ಣನೆಯ ಸಮುದ್ರ, ಒಂದು ಗೀರೂ ಇಲ್ಲ. ಬಣ್ಣಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದ. ಹಸಿ ಚಿತ್ರಕ್ಕೆ ಎಷ್ಟು ಬಣ್ಣ ಬಳಿದರೂ ಒಳಗೆ ಅದು ಹಸಿಯಾಗಿಯೇ ಇರುತ್ತದಂತೆ, ಯಾವಾಗ ಬೇಕಾದರೂ ಕರೆಯಬಹುದಂತೆ. ಊದಾ ಹೋಯಿತು, ನೀಲಿ ಹೋಯಿತು, ಬೂದು ಬಂತು. ಕೊನೆಗೆ ಒರೆಸಿದ್ದನ್ನೂ ರದ್ದು ಮಾಡಿದ. ನಲವತ್ಮೂರು ಚುಕ್ಕೆಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಅವನ ಕೈ ಮೌಸಿನ ಮೇಲೆ ಹಾಗೇ ಇತ್ತು. ಬಲಗಡೆಯ ಆ ಚುಕ್ಕೆಯನ್ನೇ ನೋಡುತ್ತಿದ್ದ. ನಾನೂ ಅದನ್ನೇ ನೋಡುತ್ತಿದ್ದೆ.

ಅವನು ಆರೂ ಚಿತ್ರಗಳನ್ನು ಸಾಲಾಗಿ ಇಟ್ಟ. ಕ್ಯಾಮೆರಾದೊಳಗಿನ ಧೂಳು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇರುತ್ತದೆ. ಅದಕ್ಕೆ ಅಲುಗಾಡಲು ಬರುವುದಿಲ್ಲ. ನಲವತ್ತೆರಡು ಅಲುಗಾಡಲಿಲ್ಲ. ಒಂದು ಮಾತ್ರ ಮೊದಲ ಚಿತ್ರದಲ್ಲಿ ಗುಂಡಗಿತ್ತು, ಎರಡನೆಯದರಲ್ಲಿ ಉದ್ದವಾಗಿತ್ತು, ಮೂರರಲ್ಲಿ ಅಡ್ಡವಾಗಿತ್ತು, ನಾಲ್ಕರಲ್ಲಿ ಮತ್ತೆ ಉದ್ದ. ಹಿಗ್ಗಿಸಿದರೆ ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತದಲ್ಲ, ಅಂಥವು ಅಷ್ಟೂ ಸೇರಿ ಆರೇಳು, ಎಳ್ಳಿನ ಕಾಳಿನ ಕಾಲುಭಾಗ.

"ಅಂಗಿ ಬೀಸ್ತಿದ್ದಾನೆ," ಎಂದ ಎರೆಜೆಪ್.

ಗಾಡಿಯಲ್ಲಿ ನಾನು ಹಾಡಲಿಲ್ಲ. ಅದು ತನ್ನಷ್ಟಕ್ಕೇ ಓಡಿತು.

ಗುರುವಾರ ಸಂಜೆ ಸೂರ್ಯ ಯೆಸ್ಬೊಲ್‌ನ ಬೆನ್ನಿಗಿದ್ದ, ನಮ್ಮ ಮುಖಕ್ಕಿದ್ದ. ದಿಬ್ಬದ ನೆತ್ತಿಯ ಮೇಲೆ ನನ್ನ ಗಾಡಿ ಅವನಿಗೆ ದೀಪ ಹಚ್ಚಿದಷ್ಟು ಸ್ಪಷ್ಟವಾಗಿ ಕಂಡಿರಬೇಕು. ಮೋಟಾರ್ ಸೈಕಲ್ಲು ಬಯಲಿನಲ್ಲಿ ಬಿದ್ದಿತ್ತು, ಮುಂದಿನ ಚಕ್ರ ಉಪ್ಪಿನ ಪದರ ಒಡೆದು ಕೆಸರಿನಲ್ಲಿ ಹೂತಿತ್ತು. ಅಲ್ಲಿಂದ ಎಳೆದ ಗುರುತು ಶುರುವಾಗಿತ್ತು. ಒಂದು ಕಾಲು ಮುರಿದವನು ಎರಡು ಕೈಯಲ್ಲಿ ತನ್ನನ್ನು ಎಳೆದುಕೊಂಡು ಹೋದ ಗುರುತು. ಅದು ಮನೆಯ ಕಡೆಗೆ ಹೋಗಿರಲಿಲ್ಲ, ಶಿಬಿರದ ಕಡೆಗೂ ಹೋಗಿರಲಿಲ್ಲ. ನಮ್ಮ ಗಾಡಿ ನಿಂತಿದ್ದ ಕಡೆಗೆ ಹೋಗಿತ್ತು, ಗೆರೆ ಎಳೆದಷ್ಟು ನೇರವಾಗಿ. ಎರಡು ಕಿಲೋಮೀಟರಿಗಿಂತ ಹೆಚ್ಚು. ದಿಬ್ಬದ ಬುಡ ನಾನೂರು ಹೆಜ್ಜೆ ಇರುವಾಗ ಗುರುತು ನಿಂತಿತ್ತು, ಯೆಸ್ಬೊಲ್ ಅಲ್ಲಿದ್ದ.

ನೋಡಿದ ಡಾಕ್ಟರು, ಶುಕ್ರವಾರ ಸಂಜೆಯವರೆಗೂ ಜೀವವಿದ್ದಿರಬಹುದು ಎಂದರು. ನಾನು ಲೆಕ್ಕದಲ್ಲಿ ದಡ್ಡ. ಆದರೂ ಬೆಳಗ್ಗೆ ಹತ್ತು ಗಂಟೆಗೆ ಹೊರಟರೆ ನನ್ನ ಗಾಡಿ ಹನ್ನೆರಡಕ್ಕೆ ಬಲೆ ದಿಬ್ಬ ಮುಟ್ಟುತ್ತದೆ. ಹನ್ನೆರಡಕ್ಕೆ ನಾವು ಊದಾ ಬಣ್ಣಕ್ಕಾಗಿ ಜಗಳವಾಡುತ್ತಿದ್ದೆವು.

ಊರಲ್ಲಿ ಬೇರೆ ಕಥೆ ಹುಟ್ಟಿತು. ಎರೆಜೆಪ್‌ನ ಚಿತ್ರವೇ ತಮ್ಮನನ್ನು ಹುಡುಕಿ ಕೊಟ್ಟಿತು ಎಂದರು. ಆ ಚಿತ್ರ ಇಲ್ಲದಿದ್ದರೆ ನರಿಗಳು ಎಲುಬನ್ನೂ ಬಿಡುತ್ತಿರಲಿಲ್ಲ, ಎಂಥ ಕಣ್ಣು, ಎಂಥ ಅಣ್ಣ ಎಂದರು. ಕಸಾಯಿ ಅಂಗಡಿಯವನು ಅವನ ಕೈಹಿಡಿದು ಕಣ್ಣಿಗೆ ಒತ್ತಿಕೊಂಡ. ನಾನು ಎಷ್ಟೇ ದೊಡ್ಡ ಸುಳ್ಳು ಹೇಳಿದರೂ ಜನ ಒಂದು ವಾರದಲ್ಲಿ ಮರೆಯುತ್ತಾರೆ. ನಾನು ಹೇಳದ ಈ ಸುಳ್ಳು ದಿನದಿನಕ್ಕೆ ದಪ್ಪವಾಯಿತು. ಎರೆಜೆಪ್ ಎರಡು ಸಲ ಬಾಯಿ ತೆರೆದ. "ಹಾಗಲ್ಲ, ಕೇಳಿ," ಅಂದ. ಹಿರಿಯರು ಅವನ ಬೆನ್ನು ಸವರಿ, ದುಃಖದಲ್ಲಿ ಎಲ್ಲರಿಗೂ ತಮ್ಮದೇ ತಪ್ಪು ಅನ್ನಿಸುತ್ತದೆ ಎಂದು ಸಮಾಧಾನ ಹೇಳಿದರು.

ಸತ್ತವರ ಹೆಸರಲ್ಲಿ ಹಾಕುವ ನಲವತ್ತನೆಯ ದಿನದ ಊಟವಾಯಿತು. ದುವಾ ಪ್ರಾರ್ಥನೆ ಮುಗಿಯಿತು, ಜನ ಎದ್ದು ಹೋದರು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಉಳಿದವರು ಮೂವರೇ: ಎರೆಜೆಪ್, ನಾನು, ಉಲ್ಮೆಕೆನ್. ಅವಳು ಒಳಗಿನಿಂದ ಹೊಸ ಚಪಾನ್ ತಂದಳು, ನೀಲಿ ಮಖಮಲ್ಲಿನದು, ತಾನೇ ಹೊಲಿದದ್ದು. ದೊಡ್ಡ ಉಪಕಾರ ಮಾಡಿದವರಿಗೆ ಹೊದಿಸುವ ನಿಲುವಂಗಿ ಅದು.

"ಭಾವ, ನೀವು ಇಲ್ದಿದ್ರೆ ಅವ್ರಿಗೆ ಮಣ್ಣೂ ಸಿಕ್ತಿರ್ಲಿಲ್ಲ. ಬೇಡ ಅನ್ಬೇಡಿ," ಎಂದು ಹೆಗಲಿಗೆ ಹೊದಿಸಿದಳು.

ನಾನು ಅವನ ಮೊಣಕೈ ಹಿಸುಕಿದೆ. ಸುಮ್ಮನಿರು ಎಂದು. ಅವನು ನನ್ನ ಕೈ ಬಿಡಿಸಿದ.

"ಉಲ್ಮೆಕೆನ್, ನಾನು ಅವನನ್ನ ಶುಕ್ರವಾರವೇ ನೋಡಿದ್ದೆ."

"ಏನು?"

"ಚಿತ್ರದಲ್ಲಿ. ಧೂಳಿನ ಚುಕ್ಕೆ ಅಂದ್ಕೊಂಡೆ. ಒರೆಸಿಬಿಟ್ಟೆ."

ಅವಳು ಕುಳಿತಳು. ಊಟದ ಹಾಸಿನ ಅಂಚಿನಲ್ಲಿದ್ದ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿದಳು. ಒಟ್ಟಾದ ಮೇಲೆ ಕೇಳಿದಳು:

"ಎಷ್ಟು ಹೊತ್ತಿಗೆ?"

"ಹತ್ತು ಗಂಟೆ. ಬೆಳಗ್ಗೆ."

"ನಾನು ಊಟ ತಂದಾಗ ತೋರಿಸಿದ್ರಲ್ಲ, ಅದೇ ಚಿತ್ರ?"

"ಅದೇ."

"ಆಗ ಅವ್ರು ಇದ್ರು."

ಅದು ಪ್ರಶ್ನೆಯಾಗಿರಲಿಲ್ಲ.

ನಮ್ಮಲ್ಲಿ ಸೊಸೆಯಾಗಿ ಬಂದವಳು ಗಂಡನ ಅಣ್ಣನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಮನೆಗೆ ಬೆಂಕಿ ಬಿದ್ದು ಅವನು ಒಳಗೆ ಸಿಕ್ಕಿಕೊಂಡರೂ "ಫೋಟೋದವರೇ, ಹೊರಗೆ ಬನ್ನಿ" ಎನ್ನಬೇಕೇ ಹೊರತು ಹೆಸರು ಹಿಡಿದು ಕೂಗುವಂತಿಲ್ಲ. ಆ ಸಂಬಂಧ ಇರುವವರೆಗೆ ಆ ಹೆಸರಿಲ್ಲ. ಹದಿನಾಲ್ಕು ವರ್ಷದಲ್ಲಿ ಉಲ್ಮೆಕೆನ್ ಅದನ್ನು ಉಚ್ಚರಿಸಿದ್ದನ್ನು ನಾನು ಕೇಳಿರಲಿಲ್ಲ.

"ಎರೆಜೆಪ್," ಎಂದಳು, ಅಂಗಡಿಯಲ್ಲಿ ಯಾರನ್ನೋ ಕರೆದಂತೆ. "ನೀನು ಎದ್ದು ಹೋಗು."

ಅವನು "ಹೂಂ" ಎಂದ. ಎದ್ದು, ಚಪಾನ್ ತೆಗೆದು, ತೋಳುಗಳನ್ನು ಒಳಕ್ಕೆ ಮಡಿಸಿ ಹಾಸಿನ ಮೇಲಿಟ್ಟ. ಬಾಗಿಲಲ್ಲಿ ಚಪ್ಪಲಿ ಸಿಗದೆ ಸ್ವಲ್ಪ ಹೊತ್ತು ತಡಕಾಡಿದ. ಆಮೇಲೆ ಬರಿಗಾಲಲ್ಲೇ ಹೋದ.

ದೋಣಿ ಇರಲಿ ಎಂದು ಕೈ ನಿಲ್ಲಿಸಿದವನು ಅವನು. ನೊಣ, ಒರೆಸು ಎಂದವನು ನಾನು. ಅದನ್ನು ಅವನು ಹೇಳಲಿಲ್ಲ. ಹೋಗುವಾಗ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಉಲ್ಮೆಕೆನ್ ಒಟ್ಟುಮಾಡಿದ ಚೂರುಗಳನ್ನು ಅಂಗೈಗೆ ಬಳಿದುಕೊಂಡಳು. ನಾನಿರುವುದು ಆಮೇಲೆ ನೆನಪಾಯಿತೇನೋ, ಕೆಟಲ್ಲಿನ ಹೊಟ್ಟೆ ಮುಟ್ಟಿ ನೋಡಿದಳು.

"ಬಿಸಿ ಇದೆ. ಇನ್ನೊಂದು ಬಟ್ಟಲು ಹಾಕ್ಲಾ ಅಜ್ಜ?"

ಈ ಬಾಯಿ ಎಪ್ಪತ್ತಾರು ವರ್ಷ ಒಂದು ಗಳಿಗೆ ಸುಮ್ಮನಿದ್ದದ್ದಲ್ಲ.

"ಹಾಕಮ್ಮ," ಎಂದೆ.